ಸರ್ಕಾರಿ ವಕೀಲರು ಯಾರ ವಕೀಲರು?



ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆಯವರಿಗೆ ಇವತ್ತು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ತಹಶೀಲ್ದಾರ್ ಯಾರು ಅಂತ ಗೊತ್ತು. ಪಿಎಸ್‌ಐ ಯಾರು ಅಂತ ಗೊತ್ತು. ನಿಮ್ಮ ಕೋರ್ಟಿನ ಎಪಿಪಿ, ಅಂದ್ರೆ ಸಹಾಯಕ ಸರ್ಕಾರಿ ಅಭಿಯೋಜಕರು ಯಾರು, ಗೊತ್ತಾ?

ನಿಮ್ಮ ಮನೆ ಕಳ್ಳತನವಾಗಲಿ, ನಿಮ್ಮ ಮಗಳಿಗೆ ಗಂಡನ ಮನೆಯವರು ಹೊಡೆದಿರಲಿ, ಕೇಸು ನಡೆಸುವವರು ಅವರೇ. ಆರೋಪಿ ದುಡ್ಡಿದ್ದರೆ ಧಾರವಾಡದಿಂದ, ಹುಬ್ಬಳ್ಳಿಯಿಂದ ದೊಡ್ಡ ವಕೀಲರನ್ನು ಕರೆಸುತ್ತಾನೆ. ಬಡವನ ಪಾಲಿಗೆ ಇರುವುದು ಈ ಒಬ್ಬ ಸರ್ಕಾರಿ ವಕೀಲರು.

ಇವರೇನು ಆಕಾಶದಿಂದ ಇಳಿದವರಲ್ಲ. ಕಪ್ಪು ಕೋಟು ಹಾಕಿ ಕೋರ್ಟು ಅಲೆದವರು, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಎಪಿಪಿ ಆಗುತ್ತಾರೆ. ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ಅಭಿಯೋಜಕರಾಗಬೇಕಾದರೆ ಕನಿಷ್ಠ 7 ವರ್ಷದ ವಕೀಲಿಕೆ ಬೇಕು. ಹಿಂದೆ ಕೆಳಗಿನ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಈ ಕೆಲಸ ಮಾಡುತ್ತಿದ್ದರು. ಹಿಡಿದವರೇ ವಾದಕ್ಕೂ ನಿಂತರೆ ತನಿಖೆಯ ತಪ್ಪನ್ನು ಹೇಳುವವರು ಯಾರು? 1973ರ ದಂಡ ಪ್ರಕ್ರಿಯಾ ಸಂಹಿತೆ ಆ ಪದ್ಧತಿಗೆ ತಡೆ ಹಾಕಿತು. 1995ರಲ್ಲಿ ಸುಪ್ರೀಂ ಕೋರ್ಟ್, ಅಭಿಯೋಜಕರು ಪೊಲೀಸ್ ಇಲಾಖೆಯ ಹಿಡಿತದಲ್ಲಿ ಇರಕೂಡದು ಎಂದು ಮತ್ತೆ ಹೇಳಬೇಕಾಯಿತು. ಹಾಗಾಗಿ ನೆನಪಿಡಿ, ಎಪಿಪಿ ಪೊಲೀಸರ ವಕೀಲರಲ್ಲ. ಹೇಗಾದರೂ ಸರಿ, ಶಿಕ್ಷೆ ಕೊಡಿಸಲೇಬೇಕು ಅನ್ನುವುದೂ ಅವರ ಕೆಲಸವಲ್ಲ. ಸತ್ಯವನ್ನು ಕೋರ್ಟಿನ ಮುಂದೆ ಇಡುವುದು ಅವರ ಕೆಲಸ.

ಈ ನಾಲ್ಕು ತಾಲ್ಲೂಕಿನಲ್ಲಿ ಅದು ಎಷ್ಟು ಕಷ್ಟ ನೋಡಿ. ಜೋಯಿಡಾದ ಕುಣಬಿಗಳು ಕೊಂಕಣಿ ಆಡುತ್ತಾರೆ. ಹಳಿಯಾಳದ ಹಳ್ಳಿಗಳಲ್ಲಿ ಮರಾಠಿ ಕೇಳುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆ ಹತ್ತಾರು ಕಡೆಯ ಜನರನ್ನು ಕರೆತಂದಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಸಿದ್ದಿಯರ ಮನೆಮಾತು ಕೊಂಕಣಿಯದೇ ಇನ್ನೊಂದು ಬಗೆ. ಆದರೆ ಠಾಣೆಯಲ್ಲಿ ಹೇಳಿಕೆ ಬರೆಯುವುದು ಕನ್ನಡದಲ್ಲಿ.

ತಾನು ಹೇಳಿದ್ದು ಹೇಗೆ ಬರೆದಿದೆ ಅಂತ ಸಾಕ್ಷಿಗೇ ಗೊತ್ತಿರೋದಿಲ್ಲ. ವರ್ಷಗಳ ನಂತರ ಕಟಕಟೆಯಲ್ಲಿ ಎದುರು ವಕೀಲರು ಕೇಳುತ್ತಾರೆ: ‘ಪೊಲೀಸರ ಮುಂದೆ ಹೀಗೆ ಹೇಳಿದ್ದೀಯಾ?’ ಆಕೆ ಗಾಬರಿಯಿಂದ ‘ಇಲ್ಲ ಸಾಹೇಬರೆ’ ಅಂತಾಳೆ. ಮುಗೀತು! ಸುಳ್ಳು ಹೇಳದೆಯೂ ಆಕೆ ಸುಳ್ಳುಗಾರ್ತಿ. ಆರೋಪಿಗೆ ಸಂಶಯದ ಲಾಭ.

ಇನ್ನು ದೂರದ ಮಾತು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅಂದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವರನ್ನೂ ಕಾಯಬೇಕು. ಆ ಕೇಸು ತಾಲ್ಲೂಕು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತೀರ್ಮಾನವಾಗುವಂಥದ್ದಲ್ಲ, ಜಿಲ್ಲಾ ನ್ಯಾಯಾಲಯದ ಮಟ್ಟದ್ದು. ಜಿಲ್ಲಾ ನ್ಯಾಯಾಲಯ ಎಲ್ಲಿದೆ? ಘಟ್ಟದ ಕೆಳಗೆ, ಕಾರವಾರದಲ್ಲಿ. ಹಳಿಯಾಳದಿಂದಲೂ ಮುಂಡಗೋಡದಿಂದಲೂ 100 ಕಿಲೋಮೀಟರಿಗಿಂತ ಹೆಚ್ಚು. ಕೂಲಿ ಬಿಟ್ಟು, ಬಸ್ಸು ಬದಲಿಸಿ ಹೋದರೆ ‘ಇವತ್ತು ಕೇಸು ಮುಂದಕ್ಕೆ ಹೋಗಿದೆ’ ಅಂತಾರೆ! ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಪ್ರಯಾಣದ ಖರ್ಚು ಕೊಡಬೇಕು ಅಂತ 2015ರ ತಿದ್ದುಪಡಿ ಹೇಳುತ್ತದೆ. ಅದು ಹಕ್ಕು, ಭಿಕ್ಷೆ ಅಲ್ಲ. ಆದರೆ ಆ ಹಕ್ಕು ಇದೆ ಅಂತ ಕಾಡಿನ ಮನೆಗೆ ತಿಳಿಸುವವರು ಯಾರು?

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿನಲ್ಲಿ ನಡೆದಾಗ ವಿಶೇಷ ಅಭಿಯೋಜಕ ಬಿ.ವಿ. ಆಚಾರ್ಯ ಅವರ ಹೆಸರು ಮನೆಮಾತಾಯಿತು. ಒತ್ತಡಗಳ ನಡುವೆ ಅವರು 2012ರಲ್ಲಿ ಹೊಣೆ ಬಿಟ್ಟಿದ್ದೂ ದೇಶಕ್ಕೇ ಸುದ್ದಿ. ಅಂಥ ಒತ್ತಡ ತಾಲ್ಲೂಕಿನ ಎಪಿಪಿಗೂ ಬರುತ್ತದೆ ಸ್ವಾಮಿ! ಸ್ಥಳೀಯ ಪುಢಾರಿಯ ಫೋನು ಬಂದಾಗ ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಆಗ ಆ ಅಭಿಯೋಜಕರ ಬೆನ್ನಿಗೆ ನಿಲ್ಲಬೇಕಾದದ್ದು ಇಲಾಖೆ.

ನನ್ನ ಮಾತು ಇಷ್ಟೇ. ಸಾಕ್ಷಿ ಕಟಕಟೆ ಹತ್ತುವ ಮೊದಲು ಅಭಿಯೋಜಕರು ಅವಳನ್ನು ಅರ್ಧ ಗಂಟೆ ಕೂರಿಸಿಕೊಂಡು, ಅವಳದೇ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕು. ಉತ್ತರ ಕಲಿಸುವುದಕ್ಕಲ್ಲ, ಅವಳು ನಿಜಕ್ಕೂ ಹೇಳಿದ್ದೇನು ಅಂತ ತಿಳಿಯುವುದಕ್ಕೆ. ಸರ್ಕಾರ ಅದಕ್ಕೆ ಬೇಕಾದ ಸಮಯ ಕೊಡಲಿ, ಸಿಬ್ಬಂದಿ ಕೊಡಲಿ, ದುಭಾಷಿಗಳನ್ನು ಕೊಡಲಿ.

ನೀವೂ ಅಷ್ಟೆ. ಸಮನ್ಸ್ ಬಂದರೆ ಹೆದರಬೇಡಿ. ಕೋರ್ಟಿಗೆ ಹೋಗಿ, ‘ನಮ್ಮ ಎಪಿಪಿ ಸಾಹೇಬರು ಎಲ್ಲಿ ಸಿಗ್ತಾರೆ?’ ಅಂತ ಕೇಳಿ. ಅವರ ಸಂಬಳ ನಿಮ್ಮ ತೆರಿಗೆಯದು. ಅವರು ನಿಮ್ಮ ವಕೀಲರು.