ತರ್ಕ ಎಲ್ಲಿ ನಿಲ್ಲುತ್ತೆ?

(ಚಿಕ್ಕಬಾಣಾವರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರೈಲು ಇಳಿದು ಇಲ್ಲಿಗೆ ನಡೆದು ಬರೋವಾಗ ನಿಮ್ಮಲ್ಲೇ ಒಬ್ಬ ಹುಡುಗ ಜೊತೆಗಿದ್ದ. ಹಾಸ್ಟೆಲಲ್ಲಿ ಸೀಟು ಸಿಗೋ ಮುಂಚೆ ಈ ಸುತ್ತಿನಲ್ಲಿ ರೂಮು ಹುಡುಕಿದ ಕತೆ ಹೇಳಿದ. ಮನೆ ಮಾಲೀಕರು ಬಾಡಿಗೆ ಹೇಳಿದರು, ಅಡ್ವಾನ್ಸ್ ಹೇಳಿದರು, ಕೊನೆಗೆ "ನೀವು ಯಾವ ಪೈಕಿ?" ಅಂದರು. ಇವನು ಮುಚ್ಚಿಡಲಿಲ್ಲ. ಅವರು ಜಾತಿಯ ಮಾತೇ ಎತ್ತಲಿಲ್ಲವಂತೆ. "ನಾವು ಮಾಂಸ ತಿನ್ನೋರಲ್ಲಪ್ಪ, ನೀವು ತಿಂತೀರಿ. ವಾಸನೆ ಬಂದ್ರೆ ಜಗಳ ಆಗುತ್ತೆ. ಜಗಳ ಆದ್ರೆ ನಿಮ್ಮ ಓದು ಕೆಡುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಅಂದರಂತೆ. ಆ ಹುಡುಗ ನನ್ನನ್ನು ಕೇಳಿದ: "ಅಣ್ಣಾ, ಅವರ ಮಾತಲ್ಲಿ ತಪ್ಪು ಎಲ್ಲಿದೆ ಅಂತ ನನಗೆ ಆವಾಗ ಹೊಳೀಲೇ ಇಲ್ಲ. ಸುಮ್ಮನೆ ವಾಪಸ್ ಬಂದೆ."

ನಾನು ಬರೆದುಕೊಂಡು ಬಂದಿದ್ದ ಭಾಷಣ ಬೇರೆ. ಅದು ಜೇಬಲ್ಲೇ ಇರಲಿ. ಈ ಹುಡುಗನ ಪ್ರಶ್ನೆ ದೊಡ್ಡದು.

ತರ್ಕ ಅನ್ನೋದು ಬೀಸೋ ಕಲ್ಲಿದ್ದ ಹಾಗೆ. ರಾಗಿ ಹಾಕಿದರೆ ರಾಗಿ ಹಿಟ್ಟು ಬರುತ್ತೆ, ಮರಳು ಹಾಕಿದರೆ ಮರಳೇ ಬರುತ್ತೆ. ಕಲ್ಲು ತಾನಾಗಿ ಏನನ್ನೂ ಬೆಳೆಯೋದಿಲ್ಲ. ಆ ಮಾಲೀಕರ ಕಲ್ಲು ಚೆನ್ನಾಗೇ ತಿರುಗಿದೆ. ಆದರೆ ಒಳಗೆ ಹಾಕಿದ ಕಾಳು ಯಾವುದು? ಈ ಹುಡುಗ ರೂಮಲ್ಲಿ ಒಲೆ ಹಚ್ಚುತ್ತಾನೋ, ಹೋಟೆಲಲ್ಲಿ ಊಟ ಮಾಡುತ್ತಾನೋ ಅಂತ ಅವರು ಕೇಳಲೇ ಇಲ್ಲ. ಜಾತಿ ಕೇಳಿದ ಮೇಲೆ ಬೇರೆ ಏನನ್ನೂ ಕೇಳೋ ಅಗತ್ಯ ಅವರಿಗೆ ಕಾಣಲಿಲ್ಲ.

ಕರ್ಮಸಿದ್ಧಾಂತವೂ ಹೀಗೇ. ಹಿಂದಿನ ಜನ್ಮದಲ್ಲಿ ಪಾಪ ಮಾಡಿದ್ದೀಯ, ಅದಕ್ಕೇ ಕೇರಿಯಲ್ಲಿ ಹುಟ್ಟಿದ್ದೀಯ, ಈಗ ಸೇವೆ ಮಾಡಿಕೊಂಡಿದ್ದರೆ ಮುಂದಿನ ಜನ್ಮ ಸುಧಾರಿಸುತ್ತೆ. ಎಲ್ಲೂ ಕೊಂಡಿ ಬಿಟ್ಟಿಲ್ಲ ನೋಡಿ. ಆ ಹಿಂದಿನ ಜನ್ಮವನ್ನು ನೋಡಿದವರು ಯಾರು ಅಂತ ಕೇಳೋ ತನಕ ಅದು ಗಟ್ಟಿ.

ಕೇಳಬಾರದು ಅಂತಲೇ ಕಟ್ಟು ಹಾಕಿದ್ದರು. ತರ್ಕವನ್ನು ಆಸರೆ ಮಾಡಿಕೊಂಡು ಶ್ರುತಿ ಸ್ಮೃತಿಗಳನ್ನು ಹಗುರ ಮಾಡುವ ದ್ವಿಜನನ್ನು ಸಜ್ಜನರು ಹೊರಗೆ ಹಾಕಬೇಕು ಅನ್ನುತ್ತೆ ಮನುಸ್ಮೃತಿಯ ಎರಡನೇ ಅಧ್ಯಾಯ. ಬ್ರಹ್ಮಸೂತ್ರದ ಇನ್ನೊಂದು ಮಾತಿದೆ: ತರ್ಕಕ್ಕೆ ಕೊನೆಯ ನೆಲೆ ಅನ್ನೋದಿಲ್ಲ. ಇವತ್ತು ಒಬ್ಬ ಜಾಣ ಕಟ್ಟಿದ್ದನ್ನು ನಾಳೆ ಇನ್ನೊಬ್ಬ ಜಾಣ ಕೆಡವುತ್ತಾನೆ. ನಿಜವೇ, ನಾನೂ ಒಪ್ಪುತ್ತೇನೆ. ಆದರೆ ಆಮೇಲೆ ಏನು ಮಾಡಬೇಕು? ಶಂಕರರ ಭಾಷ್ಯದ ಪ್ರಕಾರ ಶ್ರುತಿಗೆ ಶರಣಾಗಬೇಕು. ಅದೇ ಭಾಷ್ಯದ ಮೊದಲ ಅಧ್ಯಾಯದಲ್ಲಿ ಶೂದ್ರನಿಗೆ ವೇದ ಕೇಳುವ ಅಧಿಕಾರವಿಲ್ಲ ಅಂತ ಅವರೇ ತೀರ್ಮಾನಿಸಿದ್ದಾರೆ. ಶೂದ್ರನಿಗೇ ಇಲ್ಲದ ಮೇಲೆ ಊರಾಚೆಯ ನಮ್ಮ ಪಾಡೇನು? ನಿನ್ನ ಬುದ್ಧಿಗೆ ಎಟುಕೋದಿಲ್ಲ ಅನ್ನೋದು, ಎಟುಕಿಸಿಕೊಳ್ಳೋಕೆ ಬಂದರೆ ಕದ ಹಾಕೋದು. ಇದು ಎಂಥ ನ್ಯಾಯ?

ಈ ಆಟ ಬೆಂಗಳೂರಲ್ಲೂ ನಡೆದಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದರು. ಸತ್ಯಸಾಯಿಬಾಬಾ ಅವರಿಗೆ ಪತ್ರ ಹೋಯಿತು. ವಿಜ್ಞಾನ ಇಂದ್ರಿಯಗಳಿಗೆ ಸಿಕ್ಕೋದನ್ನು ಮಾತ್ರ ನೋಡಲಿ, ಅಧ್ಯಾತ್ಮ ಅದರಾಚೆಗಿನದು ಅನ್ನೋದು ಆ ಕಡೆಯ ವಾದ. ಕೈಯಿಂದ ಉದುರೋ ವಿಭೂತಿ, ಕೈಗೆ ಬರೋ ವಾಚು ಇಂದ್ರಿಯಕ್ಕೆ ಸಿಗೋದಿಲ್ವಾ ಸ್ವಾಮಿ? ನರಸಿಂಹಯ್ಯನವರು ತಮ್ಮ ಪುಸ್ತಕವೊಂದಕ್ಕೆ 'ತೆರೆದ ಮನ' ಅಂತ ಹೆಸರಿಟ್ಟಿದ್ದರು. ಅವರ ಬಾಗಿಲು ತೆರೆದೇ ಇತ್ತು, ಬಾಬಾ ಪರೀಕ್ಷೆಗೆ ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಚಪ್ಪಾಳೆ ಹೊಡೀತೀರಿ, ನಾನು ಸಂಜೆ ರೈಲು ಹಿಡಿದು ಹೋಗಬಹುದು. ಆದರೆ ನಮ್ಮ ಕಡೆಗೂ ಒಂದು ಲೆಕ್ಕ ಬಾಕಿ ಇದೆ.

ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಚಂದ್ರಗುತ್ತಿ. ರೇಣುಕಾಂಬೆಯ ಬೆಟ್ಟ. ಹರಕೆ ಹೊತ್ತವರು ವರದಾ ನದಿಯಲ್ಲಿ ಮುಳುಗಿ ಎದ್ದು ಬೆತ್ತಲೆಯಾಗಿ ದೇವಸ್ಥಾನಕ್ಕೆ ಓಡುತ್ತಿದ್ದರು. ಹೆಂಗಸರು, ಗಂಡಸರು, ಮಕ್ಕಳು. ಹೆಚ್ಚಿನವರು ನಮ್ಮವರು ಮತ್ತು ಹಿಂದುಳಿದವರು. ಇದು ನಿಲ್ಲಬೇಕು ಅಂತ ದಲಿತ ಸಂಘರ್ಷ ಸಮಿತಿಯ ಗೆಳೆಯರು ಅಲ್ಲಿಗೆ ಹೋದರು. ಅವರ ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಈ ಹೆಣ್ಣುಮಕ್ಕಳು ಓಡುವಾಗ ನೋಡೋಕೆ ಅಂತಲೇ ಜನ ಬರುತ್ತಿದ್ದರು, ಕ್ಯಾಮೆರಾ ಹಿಡಿದವರು ಬೇರೆ. ಮೇಲ್ಜಾತಿ ಮನೆಯ ಹೆಣ್ಣುಮಕ್ಕಳು ಹಾಗೆ ಓಡುತ್ತಿದ್ದರಾ?

1986ರ ಮಾರ್ಚ್ 20. ಅವತ್ತು ಭಕ್ತರು ತಿರುಗಿಬಿದ್ದರು. ತಡೆಯೋಕೆ ಹೋದ ಕಾರ್ಯಕರ್ತರನ್ನು, ಪತ್ರಕರ್ತರನ್ನು, ಪೊಲೀಸರನ್ನು ಹೊಡೆದರು, ಬಟ್ಟೆ ಕಿತ್ತು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅದು ಆಗಬೇಕಾದದ್ದೇ. ಆದರೆ ನನಗೆ ಇವತ್ತಿಗೂ ಚುಚ್ಚುವ ಮಾತು ಬೇರೆ. ಯಾರ ಮಾನ ಕಾಯೋಕೆ ಹೋದೆವೋ ಅವರೇ ನಮ್ಮ ಮೇಲೆ ಕೈ ಎತ್ತಿದರಲ್ಲ, ಯಾಕೆ? ಮೌಢ್ಯ ಅಂತ ಒಂದೇ ಪದ ಹೇಳಿ ಕೈ ತೊಳೆದುಕೊಳ್ಳಬಹುದು. ಆ ಪದವೂ ಒಂದು ಕದವೇ.

ನನ್ನ ಅವ್ವನ ಮಾತು ಹೇಳ್ತೀನಿ. ನಾನು ಚಿಕ್ಕವನಿದ್ದಾಗ ಜ್ವರ ಬಂದು ಬಿಡದೆ, ಅವ್ವ ಮಾರಿಗೆ ಹರಕೆ ಹೊತ್ತಿದ್ದಳು. ಪಿಯುಸಿಗೆ ಬಂದ ಮೇಲೆ ಒಂದು ರಜದಲ್ಲಿ ನಾನು ಅವಳಿಗೆ ಪಾಠ ಶುರು ಮಾಡಿದೆ. ಜ್ವರ ಇಳಿಸಿದ್ದು ದೇವರಲ್ಲ ಕಣವ್ವ, ಮೈಯೇ ಇಳಿಸಿಕೊಂಡಿತು, ಅದಕ್ಕೆ ಹೀಗೀಗೆ ಕಾರಣ ಅಂತ. ಸೊಪ್ಪು ಸೋಸುತ್ತಾ ಎಲ್ಲಾ ಕೇಳಿಸಿಕೊಂಡಳು. ಆಮೇಲೆ ಅಂದಳು: "ಅವತ್ತು ಆಸ್ಪತ್ರೆ ಮೆಟ್ಲ ಮೇಲೆ ಹೊತ್ತು ಮುಳುಗೋ ಗಂಟ ಕೂರ್ಸಿ ನಾಳೆ ಬಾ ಅಂದ್ರು ಕಣಪ್ಪಾ. ಮಾರಮ್ಮ ನಾಳೆ ಬಾ ಅನ್ನಲಿಲ್ಲ."

ನನ್ನ ವಾದ ಸರಿಯಾಗಿತ್ತು, ಈಗಲೂ ಸರಿ. ಆದರೆ ಆ ಮೆಟ್ಟಿಲು ನನ್ನ ಲೆಕ್ಕದಲ್ಲೇ ಇರಲಿಲ್ಲ. ಚಂದ್ರಗುತ್ತಿಗೆ ಹೋದವರಿಗೂ ಮೈಮೇಲಿನ ಕಾಯಿಲೆ, ಮಕ್ಕಳಿಲ್ಲದ ಸಂಕಟ, ಇಂಥ ಎಷ್ಟೋ ಮೆಟ್ಟಿಲುಗಳು ಇದ್ದಿರಬೇಕು. ಜಾತ್ರೆಯ ದಿನ ಪೊಲೀಸರ ಪಕ್ಕದಲ್ಲಿ ನಿಂತು ಹೇಳೋ ಮಾತು ಬೇರೆ, ಅದಕ್ಕೆ ಮುಂಚೆ ಅವರ ಗುಡಿಸಲಲ್ಲಿ ಕೂತು ಕೇಳೋ ಮಾತು ಬೇರೆ.

ಹಾಗಂತ ಇನ್ನೊಂದು ಕಡೆಗೂ ಜಾರಬೇಡಿ. ಆ ಘಟನೆಯಾದ ಮೇಲೆ ಯು. ಆರ್. ಅನಂತಮೂರ್ತಿಯವರು 'ಬೆತ್ತಲೆ ಪೂಜೆ ಯಾಕೆ ಕೂಡದು' ಅಂತ ಬರೆದರು. ವಿಚಾರವಂತನಾದ ತನ್ನ ಖಚಿತತೆಯ ಮೇಲೇ ಅವರಿಗೆ ಅನುಮಾನ. ಅದರಲ್ಲೊಂದು ಕತೆ ಬರುತ್ತೆ. ಹಳ್ಳಿ ಸುತ್ತುತ್ತಿದ್ದ ಒಬ್ಬ ಕಲಾವಿದ, ರೈತನ ಗುಡಿಸಲಲ್ಲಿ ಕುಂಕುಮ ಹಚ್ಚಿದ ಕಲ್ಲನ್ನು ನೋಡಿ, ಫೋಟೋ ತೆಗೆಯೋಕೆ ಬಿಸಿಲಿಗೆ ತರಿಸುತ್ತಾನೆ. ಆಮೇಲೆ ಮೈಲಿಗೆ ಆಯಿತೇನೋ ಅಂತ ಅಳುಕುತ್ತಾನೆ. ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿಕೊಳ್ತೀನಿ ಅಂತಾನೆ ರೈತ. ಒಳ್ಳೆ ಕತೆ. ಆ ರೈತನ ಮನಸ್ಸು ನಮ್ಮ ಪಂಡಿತರಿಗಿಂತ ಸಲೀಸು. ಆದರೆ ಕಲ್ಲಿಗೆ ಬದಲು ಕಲ್ಲು ತರಬಹುದು, ಹೆಣ್ಣಿನ ಮೈಗೆ ಬದಲು ಏನು ತರೋದು? ತನ್ನ ಬುದ್ಧಿಯನ್ನೇ ಅನುಮಾನಿಸೋದು ದೊಡ್ಡ ಗುಣ. ಆ ಅನುಮಾನದ ಬೆಲೆಯನ್ನು ಬೇರೆಯವರ ಮೈ ತೆರಬಾರದು.

ಹಾಗಾದರೆ ತರ್ಕ ನಿಂತ ಕಡೆ ಏನು ಹಿಡಿದುಕೊಳ್ಳೋದು? ಕೇಸಪುತ್ತ ಅನ್ನೋ ಊರಿನ ಕಾಲಾಮರು ಇದನ್ನೇ ಬುದ್ಧನ ಹತ್ತಿರ ಕೇಳಿದರು. ಬಂದ ಬಂದ ಗುರುಗಳೆಲ್ಲ ತಮ್ಮದೇ ಸರಿ ಅಂತಾರೆ, ಯಾರನ್ನು ನಂಬೋಣ ಅಂತ. ಪರಂಪರೆಯಿಂದ ಬಂತು ಅಂತ ನಂಬಬೇಡಿ, ಗ್ರಂಥದಲ್ಲಿದೆ ಅಂತ ನಂಬಬೇಡಿ ಅಂದ ಬುದ್ಧ. ಇಷ್ಟನ್ನು ನಮ್ಮ ವೇದಿಕೆಗಳಲ್ಲಿ ಎಲ್ಲರೂ ಹೇಳ್ತಾರೆ. ಅದೇ ಪಟ್ಟಿಯಲ್ಲಿ ಇನ್ನೂ ಎರಡಿದೆ, ಅದನ್ನು ನುಂಗಿಬಿಡ್ತಾರೆ: ಬರೀ ತರ್ಕಕ್ಕೆ ಹೊಂದುತ್ತೆ ಅಂತಲೂ ನಂಬಬೇಡಿ, ಈತ ನಮ್ಮ ಗುರು ಅಂತಲೂ ನಂಬಬೇಡಿ. ಇದರಿಂದ ಜನಕ್ಕೆ ಕೇಡೋ ಒಳಿತೋ ಅಂತ ನೀವೇ ಕಂಡುಕೊಂಡ ಮೇಲೆ ಹಿಡೀರಿ ಇಲ್ಲವೇ ಬಿಡಿ ಅಂದ. ಅವನು ಶ್ರುತಿಯ ಕಡೆಗೆ ತಳ್ಳಲಿಲ್ಲ, ಬದುಕಿನ ಕಡೆಗೆ ತಿರುಗಿಸಿದ.

ಬಾಬಾಸಾಹೇಬರನ್ನೇ ನೋಡಿ. ಹಿಂದೂವಾಗಿ ಸಾಯೋದಿಲ್ಲ ಅಂತ ಯೇವಲಾದಲ್ಲಿ ಹೇಳಿದ್ದು 1935ರಲ್ಲಿ, ನಾಗಪುರದಲ್ಲಿ ಬೌದ್ಧರಾಗಿದ್ದು 1956ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರಲ್ಲಿ ಅವರನ್ನು ಭಾಷಣಕ್ಕೆ ಕರೆದು ಆಮೇಲೆ ಸಭೆಯನ್ನೇ ರದ್ದು ಮಾಡಿತು. ಅವರು ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು, ಅದೇ 'ಜಾತಿ ವಿನಾಶ'. ಗಾಂಧೀಜಿ ಅದನ್ನು ಟೀಕಿಸಿ ಬರೆದರು. 1937ರ ಎರಡನೇ ಮುದ್ರಣದಲ್ಲಿ ಬಾಬಾಸಾಹೇಬರು ಆ ಟೀಕೆಯನ್ನೂ ಸೇರಿಸಿ, ಜೊತೆಗೆ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತಿಗೆ ತಮ್ಮ ಪುಸ್ತಕದಲ್ಲೇ ಜಾಗ. ತಮಗೆ ಮಾತಾಡೋಕೆ ಜಾಗ ಕೊಡದಿದ್ದ ಕಾಲದಲ್ಲಿ!

ರೂಮು ಹುಡುಕಿದ ನಮ್ಮ ಹುಡುಗ ಅಲ್ಲಿ ಹಿಂದೆ ಕೂತಿದ್ದಾನೆ. ಮುಂದಿನ ಸಲ ಅಂಥ ಮಾತು ಬಂದರೆ "ನಾನು ಅಡುಗೆ ಮಾಡ್ಕೋತೀನಿ ಅಂತ ನಿಮಗೆ ಹೇಳಿದ್ದು ಯಾರು ಸಾರ್?" ಅಂತ ಕೇಳಪ್ಪ. ರೂಮು ಆಗಲೂ ಸಿಗದೆ ಇರಬಹುದು, ನಾನು ಸುಳ್ಳು ಹೇಳೋದಿಲ್ಲ.

ನನ್ನ ಮಾತು ಸಾಕು. ಚಂದ್ರಗುತ್ತಿ ಬಗ್ಗೆ ನಾನು ಹೇಳಿದ್ದು ತಪ್ಪು ಅನ್ನೋರು ಇಲ್ಲಿ ಇಬ್ಬರು ಮೂವರಾದರೂ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತೆ. ಮೊದಲು ಅವರು ಮಾತಾಡಲಿ.