ಓಕೆ: ಒಪ್ಪಿದ್ದೋ, ಬರೀ ಕೇಳಿಸಿಕೊಂಡದ್ದೋ?



ಇಂಗ್ಲಿಷ್ ಕಲಿಯದವರ ನಾಲಿಗೆಯ ಮೇಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಮಾತು ಯಾವುದೆಂದು ಕೇಳಿದರೆ, ನಾನು 'ಓಕೆ' ಎನ್ನುತ್ತೇನೆ. ಸಂತೆಯಲ್ಲಿ ದರ ಕುದುರಿದರೆ ಓಕೆ. ಎರಡೂ ಮನೆಯವರಿಗೆ ಸಂಬಂಧ ಹಿಡಿಸಿದರೆ ಓಕೆ. ಕಚೇರಿಯಲ್ಲಿ ಸಾಹೇಬರು ಫೈಲನ್ನು 'ಓಕೆ ಮಾಡುತ್ತಾರೆ'. ಹೆದ್ದಾರಿಗೆ ಬಂದರೆ ಲಾರಿಗಳ ಬೆನ್ನ ಮೇಲೆಲ್ಲ 'ಹಾರ್ನ್ ಓಕೆ ಪ್ಲೀಸ್'. ಇಷ್ಟು ಗಟ್ಟಿಯಾಗಿ ಬೇರುಬಿಟ್ಟ ಈ ಮಾತು ಹುಟ್ಟಿದ್ದು ಒಂದು ಪತ್ರಿಕೆಯ ತಮಾಷೆಯಲ್ಲಿ.

ಆ ಪತ್ರಿಕೆ ಅಮೆರಿಕದ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'. ದಿನ, 1839ರ ಮಾರ್ಚ್ 23. ಆಗ ಬಾಸ್ಟನ್ನಿನ ಪತ್ರಕರ್ತರಿಗೆ ಒಂದು ಗೀಳು ಹತ್ತಿತ್ತು. ಬಳಕೆಯ ಮಾತುಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಆ ತಪ್ಪು ರೂಪದ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುವುದು. 'ಆಲ್ ಕರೆಕ್ಟ್' ಎಂಬುದು ಇಂಗ್ಲಿಷಿನಲ್ಲಿ ಎ ಮತ್ತು ಸಿ ಅಕ್ಷರಗಳಿಂದ ಶುರುವಾಗಬೇಕು. ಅವರು ಅದನ್ನು ಓ ಮತ್ತು ಕೆ ಇಟ್ಟು ಬರೆದರು. 'ಆಲ್ ರೈಟ್' ಎಂಬುದೂ ಹೀಗೆಯೇ 'ಓ.ಡಬ್ಲ್ಯು.' ಆಗಿತ್ತು. ಅದನ್ನು ಇಂದು ಯಾರೂ ನೆನೆಯುವುದಿಲ್ಲ. ಓಕೆ ಮಾತ್ರ ಉಳಿಯಿತು.

ಉಳಿಸಿದ್ದು ಚುನಾವಣೆ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರನ್ ಮತ್ತೆ ಕಣಕ್ಕಿಳಿದಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್, ಅಡ್ಡಹೆಸರು 'ಓಲ್ಡ್ ಕಿಂಡರ್‌ಹುಕ್'. ಬೆಂಬಲಿಗರು 'ಓಕೆ ಕ್ಲಬ್' ಕಟ್ಟಿಕೊಂಡು ಬೀದಿಗಿಳಿದರು. ಎದುರು ಪಾಳೆಯದವರು, ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದೆ ಕಾಗದಪತ್ರಗಳ ಮೇಲೆ ಹಾಗೆ ಗೀಚುತ್ತಿದ್ದರೆಂದು ಕಥೆ ಕಟ್ಟಿದರು. ವಾನ್ ಬ್ಯೂರನ್ ಸೋತರು, ಅವರ ಘೋಷಣೆ ಗೆದ್ದಿತು. ಆಮೇಲೆ ತಂತಿ ಬಂತು. ಸಂದೇಶ ತಲುಪಿತು ಎಂದು ತಿಳಿಸಲು ಎರಡೇ ಅಕ್ಷರ ಸಾಕಾಯಿತು.

ಮೂಲ ಮರೆತುಹೋದಂತೆ ಹೊಸ ಹೊಸ ವ್ಯುತ್ಪತ್ತಿಗಳು ಹುಟ್ಟಿಕೊಂಡವು. ಚೋಕ್ಟಾ ಎಂಬ ಮೂಲನಿವಾಸಿಗಳ ನುಡಿಯಿಂದ ಬಂದದ್ದು ಎಂಬುದು ಅವುಗಳಲ್ಲೊಂದು. ಕೊಲಂಬಿಯ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಪುಟಪುಟವಾಗಿ ಜಾಲಾಡಿ, 1963 ಮತ್ತು 64ರಲ್ಲಿ ಬರೆದ ಲೇಖನಗಳಲ್ಲಿ ಬಾಸ್ಟನ್ನಿನ ಕಥೆಯನ್ನು ಸಾಕ್ಷಿಸಮೇತ ಮುಂದಿಟ್ಟರು. ಒಂದು ಪುಟ್ಟ ಮಾತಿಗಾಗಿ ಅಷ್ಟು ದುಡಿದ ಆ ವಿದ್ವಾಂಸರ ಬಗ್ಗೆ ನನಗೆ ತುಂಬು ಗೌರವ.

ಈಗ ಅರ್ಥಕ್ಕೆ ಬರೋಣ. ಓಕೆ ಒಪ್ಪುತ್ತದೆ, ಆದರೆ ಹೊಗಳುವುದಿಲ್ಲ. 'ಪಾಯಸ ಹೇಗಿತ್ತು?' ಎಂದು ಕೇಳಿದ ಅತ್ತಿಗೆಗೆ 'ಓಕೆ' ಎಂದು ನೋಡಿ, ಇನ್ನೊಂದು ಸೌಟು ಬೀಳುವುದು ಕಷ್ಟ. ಬಿದ್ದವರನ್ನು ಎತ್ತಿ 'ಓಕೇನಾ?' ಎಂದಾಗ ಅದರ ಅರ್ಥ ಪೆಟ್ಟಾಗಿಲ್ಲ ತಾನೆ ಎಂದು. ಮಾತು ಮುಗಿಸಿ ಏಳುವಾಗಲೂ 'ಓಕೆ, ಬರ್ತೀನಿ'. ನಮ್ಮ 'ಆಯ್ತು', 'ಸರಿ', 'ಹೂಂ' ಇವು ಮೂರೂ ಮಾಡುವ ಕೆಲಸವನ್ನು ಇದೊಂದೇ ಮಾಡುತ್ತದೆ.

ನನ್ನ ಕಳವಳ ಇರುವುದೂ ಅಲ್ಲಿಯೇ. 'ಹೂಂ' ಎಂದರೆ ಕೇಳಿಸಿಕೊಂಡೆ. 'ಆಯ್ತು' ಎಂದರೆ ಒಪ್ಪಿದೆ, ಮಾಡುತ್ತೇನೆ. ಓಕೆಯಲ್ಲಿ ಈ ಎರಡೂ ಬೆರೆತುಹೋಗುತ್ತವೆ. ಆ ಬೆರಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಒಂದು ವಿಮಾನ ದುರಂತವೇ ಸಾಕ್ಷಿ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ದಟ್ಟ ಮಂಜು ಕವಿದಿತ್ತು. ಅಲ್ಲಿನ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣದಲ್ಲಿ ಕೆಎಲ್‌ಎಂ ಕಂಪನಿಯ ಜಂಬೋ ವಿಮಾನ ರನ್‌ವೇಯ ತುದಿಯಲ್ಲಿತ್ತು. ಪ್ಯಾನ್ ಆಮ್ ಕಂಪನಿಯ ಇನ್ನೊಂದು ಜಂಬೋ ಅದೇ ರನ್‌ವೇಯ ಮೇಲೆ ಸಾಗುತ್ತಿತ್ತು. ಕೆಎಲ್‌ಎಂ ಸಹಪೈಲಟ್ ರೇಡಿಯೊದಲ್ಲಿ, ತಾವು ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಮಾತು ಹೇಳಿದರು. ಹಾರಲು ಸಜ್ಜಾಗಿ ನಿಂತಿದ್ದಾರೆ ಎಂದುಕೊಂಡ ನಿಯಂತ್ರಕರು 'ಓಕೆ' ಎಂದು, ಅರೆಗಳಿಗೆ ಬಿಟ್ಟು, ಕಾಯಿರಿ, ನಾನು ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್ ಕಡೆಯಿಂದಲೂ ಮಾತು ಬಂದು, ಎರಡೂ ದನಿ ಡಿಕ್ಕಿಯಾದವು. ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಒಂದೇ, ಆಮೇಲೆ ಕರ್ಕಶ ಸದ್ದು. ಅಷ್ಟರಲ್ಲಾಗಲೇ ಆ ವಿಮಾನ ಓಟ ಶುರುಮಾಡಿತ್ತು. ಸತ್ತವರು 583 ಜನ. ಮಂಜು, ಅವಸರ, ಕಿರಿದಾದ ನಿಲ್ದಾಣದಲ್ಲಿನ ದಟ್ಟಣೆ, ಎಲ್ಲವೂ ಅದಕ್ಕೆ ಕಾರಣವಾದವು. ಆ ಪಟ್ಟಿಯಲ್ಲಿ ಈ ಮಾತಿಗೂ ಒಂದು ಜಾಗವಿದೆ.

ಆಮೇಲೆ ವಿಮಾನಯಾನದ ಭಾಷೆಯನ್ನೇ ಬಿಗಿಗೊಳಿಸಿದರು. ಹಾರಲು ಅನುಮತಿ ಕೊಡುವಾಗ ಇಲ್ಲವೇ ಹಿಂತೆಗೆದುಕೊಳ್ಳುವಾಗ ಮಾತ್ರ 'ಟೇಕಾಫ್' ಎನ್ನಬೇಕು, ಉಳಿದಂತೆ 'ಡಿಪಾರ್ಚರ್'. ಮುಖ್ಯ ಸೂಚನೆಗೆ ಬರೀ ಓಕೆ ಎಂದರೆ ನಡೆಯದು. ಕೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ತಾಳೆ ನೋಡಬೇಕು.

ಈ ಪದ್ಧತಿ ನಮ್ಮ ಆಸ್ಪತ್ರೆಗಳಿಗೂ ಔಷಧಿ ಅಂಗಡಿಗಳಿಗೂ ಬರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಮಾತ್ರೆ ಚೀಟಿ ಕೈಗಿತ್ತು 'ಓಕೇನಾ ಅಜ್ಜಿ?' ಎಂದರೆ ಅಜ್ಜಿ ಓಕೆ ಎಂದೇ ತಲೆಯಾಡಿಸುತ್ತಾರೆ. 'ಬೆಳಿಗ್ಗೆ ಯಾವುದು ತಗೋತೀರಿ, ರಾತ್ರಿ ಯಾವುದು, ಒಮ್ಮೆ ಹೇಳಿ ನೋಡೋಣ' ಎಂದು ಕೇಳಲು ಅರ್ಧ ನಿಮಿಷವೂ ಹಿಡಿಯದು.