ಪಕ್ಕದ ಕುರ್ಚಿಯ ಪಾಠ



ಸ್ವಯಂಸೇವಾ ಸಂಸ್ಥೆ ಎಂದಾಕ್ಷಣ ನೆನಪಾಗುವುದು ಊರೂರು ತಿರುಗುವ ಕಾರ್ಯಕರ್ತರು, ಸ್ವಸಹಾಯ ಸಂಘದ ಸಭೆ, ಆರೋಗ್ಯ ಶಿಬಿರ. ಅದೇ ಕಾರ್ಯಕರ್ತರು ಸಂಜೆ ಕಚೇರಿಗೆ ಮರಳಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಯಾರಿಗೂ ಕಾಣುವುದಿಲ್ಲ. ಅದೇನೂ ಸಣ್ಣ ಕೆಲಸವಲ್ಲ. ಕಂಪನಿಗಳ ಪರವಾಗಿ ಅವುಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್, ಯೋಜನೆ ನಡೆಸುವ ಸಂಸ್ಥೆಗೆ 2021ರ ಏಪ್ರಿಲ್‌ನಿಂದ ಆನ್‌ಲೈನ್ ನೋಂದಣಿ ಕಡ್ಡಾಯವಾಯಿತು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಆನ್‌ಲೈನಿನಲ್ಲೇ ಸಲ್ಲಿಸುವ ನಿಯಮ 2021-22ನೇ ಸಾಲಿನಿಂದ ಬಂತು. ಗಡುವು ಮೇ 31. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ. ಇದರ ಮೇಲೆ ಮೊಬೈಲಿನಲ್ಲಿ ಸಮೀಕ್ಷೆ, ಫೋಟೊ, ತಿಂಗಳ ವರದಿ.

ಇದನ್ನೆಲ್ಲ ಇವರಿಗೆ ಕಲಿಸುವವರು ಯಾರು? ಸಾಮಾನ್ಯವಾಗಿ ನಗರದಿಂದ ಒಬ್ಬ ತಜ್ಞರು ಬರುತ್ತಾರೆ. ಒಂದು ದಿನದ ಕಾರ್ಯಾಗಾರ, ಊಟ, ಪ್ರಮಾಣಪತ್ರ. ಅಲ್ಲಿ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ವಾರ ಕಳೆದರೆ ಅರ್ಧ ಮರೆತಿರುತ್ತದೆ. ತಜ್ಞರ ತಪ್ಪೇನಿಲ್ಲ. ಅವರು ಉದಾಹರಣೆಗೆ ತಂದದ್ದು ಯಾವುದೋ ಅಂಗಡಿಯ ಮಾರಾಟದ ಲೆಕ್ಕ. ಇವರ ಮುಂದಿರುವುದು ಹದಿನೈದು ಹಳ್ಳಿಗಳ ಫಲಾನುಭವಿಗಳ ಪಟ್ಟಿ.

ಆ ಪಟ್ಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹಳೆಯ ಹೆಸರುಗಳೆಲ್ಲ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಹೊದಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಹೊದಿಕೆ ಜಾರಿ, ಓದಲಾಗದ ಚಿಹ್ನೆಗಳ ರಾಶಿ ಹೊರಬೀಳುತ್ತದೆ. ಮೊದಲು ಅದನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಬದಲಾಯಿಸಬೇಕು. ಪಕ್ಕದ ತಾಲ್ಲೂಕಿನ ಸಂಸ್ಥೆಯಲ್ಲಿ ಇದೇ ಕಷ್ಟಪಟ್ಟು ದಾರಿ ಕಂಡುಕೊಂಡವರು ಇದ್ದರೆ, ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತಾರೆ.

ಮುಂದಿನ ತೊಡಕು ಇನ್ನೂ ಸೂಕ್ಷ್ಮ. ಎರಡೆರಡು ಸಲ ಬಂದ ಹೆಸರು ತೆಗೆದುಹಾಕಲು ಎಕ್ಸೆಲ್‌ನಲ್ಲಿ ಒಂದೇ ಗುಂಡಿ ಸಾಕು. ಹೆಸರಿನ ಕಾಲಂ ಒಂದನ್ನೇ ಆರಿಸಿ ಅದನ್ನು ಒತ್ತಿದರೆ, ಮೂರು ಊರಿನ ಮೂವರು ಲಕ್ಷ್ಮಮ್ಮಂದಿರಲ್ಲಿ ಇಬ್ಬರು ಮಾಯ! ಇತ್ತ ಒಬ್ಬರೇ ಸಾವಿತ್ರಮ್ಮ ‘ಸಾವಿತ್ರಿ’ ಎಂದು ಇನ್ನೊಂದು ಕಡೆ ಹಾಗೇ ಉಳಿದಿರುತ್ತಾರೆ. ಊರು, ಮನೆ, ಮೊಬೈಲ್ ಸಂಖ್ಯೆ ಕೂಡಿಸಿ ನೋಡಬೇಕೆಂದು ಥಟ್ಟನೆ ಹೊಳೆಯುವುದು ಆ ಹಳ್ಳಿಗಳಲ್ಲಿ ಓಡಾಡಿದವರಿಗೆ. ಇದೇ ಕೆಲಸ ಮಾಡುವ ಜೊತೆಗಾರರ ಪಾಠಕ್ಕೆ ಬೆಲೆ ಇರುವುದು ಇಲ್ಲಿಯೇ: ಅವರಿಗೆ ಗುಂಡಿಯೂ ಗೊತ್ತು, ಗುಂಡಿಯ ಆಚೆಗಿನ ಮನುಷ್ಯರೂ ಗೊತ್ತು. ತಮಗೆ ಎಲ್ಲಿ ಕಷ್ಟವಾಗಿತ್ತು ಎಂಬುದೂ ಅವರಿಗೆ ಮರೆತಿರುವುದಿಲ್ಲ. ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಲು ಕಲಿಯುವವರಿಗೂ ಸಂಕೋಚವಿಲ್ಲ.

ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಕಟ್ಟಿದ ಬೇರ್‌ಫುಟ್ ಕಾಲೇಜು ಜೊತೆಗಾರರೇ ಒಳ್ಳೆಯ ಗುರುಗಳೆಂಬ ಈ ನಂಬಿಕೆಯ ಮೇಲೆಯೇ ನಿಂತಿದೆ. ಓದುಬರಹ ಅಷ್ಟಾಗಿ ಇಲ್ಲದ ಹಳ್ಳಿಯ ಹೆಂಗಸರು ಅಲ್ಲಿ ಸೌರ ದೀಪ ಜೋಡಿಸಲು, ರಿಪೇರಿ ಮಾಡಲು ಕಲಿಯುತ್ತಾರೆ. ಕಲಿಸುವವರೂ ಅವರಂಥ ಹೆಂಗಸರೇ. ಆಫ್ರಿಕಾದ ದೇಶಗಳಿಂದ ಬಂದ ಅಜ್ಜಿಯರೂ ಆರು ತಿಂಗಳು ಅಲ್ಲಿದ್ದು ಕಲಿತು ಹೋಗಿದ್ದಾರೆ. ಭಾಷೆ ಬೇರೆಯಾದ ಕಡೆ ಬಣ್ಣದ ಗುರುತು, ಕೈಸನ್ನೆ, ಮಾಡಿ ತೋರಿಸುವುದು, ಮತ್ತೆ ಮತ್ತೆ ಮಾಡಿಸುವುದು.

ಆದರೆ ಒಂದು ಎಚ್ಚರ. ಜೊತೆಗಾರರಿಂದ ಒಳ್ಳೆಯದು ಹರಡುವ ವೇಗದಲ್ಲೇ ತಪ್ಪೂ ಹರಡುತ್ತದೆ. ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್, ಜನರ ಆಧಾರ್ ಪ್ರತಿಗಳನ್ನು ವಾಟ್ಸ್‌ಆಪ್ ಗುಂಪಿಗೆ ಹಾಕುವುದು, ಇಂಥ ಅಭ್ಯಾಸಗಳು ಒಬ್ಬರಿಂದೊಬ್ಬರಿಗೆ ಅಂಟುತ್ತವೆ. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಆಗಿದೆ. ತೆರಿಗೆ, ಕಾನೂನು, ಮಾಹಿತಿ ಸುರಕ್ಷತೆ, ಈ ಮೂರರಲ್ಲಿ ತಿಳಿದವರನ್ನು ಕೇಳಿಯೇ ಮುಂದುವರಿಯಬೇಕು. ತಜ್ಞರನ್ನು ಕರೆಯುವುದಾದರೆ ಇಂಥದ್ದಕ್ಕೆ ಕರೆಯಿರಿ.

ಉಳಿದದ್ದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ತಾಲ್ಲೂಕಿನ ಮೂರು ನಾಲ್ಕು ಸಂಸ್ಥೆಗಳು ತಿಂಗಳಿಗೊಮ್ಮೆ ಎರಡು ಗಂಟೆ ಒಟ್ಟಿಗೆ ಕೂರಲಿ. ಮಾದರಿ ಫೈಲು ಬೇಡ, ಆ ವಾರದ ಕೆಲಸವನ್ನೇ ತನ್ನಿ; ಬೇರೆ ಸಂಸ್ಥೆಯವರ ಮುಂದೆ ತೆರೆಯುವ ಮುನ್ನ ಜನರ ಫೋನ್, ಆಧಾರ್ ಸಂಖ್ಯೆಗಳನ್ನು ಮಾತ್ರ ಅಳಿಸಿಡಿ. ಮೌಸು ಕಲಿಯುವವರ ಕೈಯಲ್ಲಿರಲಿ. ಕಲಿಸುವವರು ಬಾಯಲ್ಲಿ ಹೇಳಲಿ. ಕಲಿತದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡಿ. ಮುಂದಿನ ತಿಂಗಳು ಅದನ್ನು ಇನ್ನೊಬ್ಬರಿಗೆ ಕಲಿಸುವ ಸರದಿ ಇಂದು ಕಲಿತವರದು. ಹೀಗಾದರೆ ಕಂಪ್ಯೂಟರ್ ಬಲ್ಲ ಒಬ್ಬರು ಕೆಲಸ ಬಿಟ್ಟರೂ ಕಚೇರಿ ಕೈಕಟ್ಟಿ ಕೂರುವುದಿಲ್ಲ.

ಸಂಸ್ಥೆ ನಡೆಸುವವರಲ್ಲಿ, ಹಣ ಕೊಡುವವರಲ್ಲಿ ಒಂದು ಕೋರಿಕೆ. ಈ ಎರಡು ಗಂಟೆಯನ್ನು ಕಾರ್ಯಕರ್ತರ ಭಾನುವಾರದಿಂದ ಕಿತ್ತುಕೊಳ್ಳಬೇಡಿ. ಅದು ಕಚೇರಿಯ ವೇಳೆಯಲ್ಲೇ ನಡೆಯಲಿ, ಬಸ್ ಚಾರ್ಜು ಸಂಸ್ಥೆಯ ಲೆಕ್ಕಕ್ಕೇ ಬರಲಿ. ಕಲಿಯುವುದೂ ಸಂಬಳದ ಕೆಲಸವೇ.